ಎದುರುಮನೆಯ ಹೊಂಗೆ

ಚಿಂಚೋಳಿ
11 ಜನವರಿ 2024

ಭಗವಂತಣ್ಣನವರಿಗೆ,

ಎದುರುಮನೆಯ ಸರ್ವರಬೇಗಂ ಬರೆಯುತ್ತಿದ್ದೇನೆ. ಹೆಸರು ನೋಡಿ ಕಾಗದ ಮಡಚಿಡಬೇಡಿ. ಗಿಡದ ವಿಷಯ ಮಾತ್ರ ಬರೆಯುತ್ತೇನೆ.

ಹೋದ ಶನಿವಾರ ನಾವು ಶಹಾಬಾದ ಬಿಟ್ಟು ಇಲ್ಲಿ ನನ್ನ ಅಣ್ಣನ ಮನೆಗೆ ಬಂದೆವು. ಹೇಳಿ ಬರಬೇಕೆಂದು ನಿಮ್ಮ ಬಾಗಿಲವರೆಗೆ ಬಂದಿದ್ದೆ. ಒಳಗೆ ನಿಮ್ಮ ಮನೆಯಾಕೆ ಲಾಲಮ್ಮ ರೊಟ್ಟಿ ಬಡಿಯುವ ಸಪ್ಪಳ ಕೇಳಿ ತಿರುಗಿ ಹೋದೆ. ಫೋನು ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ಕಲ್ಲಿನ ಪಾಲಿಶ್ ಮಷೀನು ನಿಮ್ಮ ಕಿವಿ ತಿಂದು ಎಷ್ಟೋ ವರ್ಷವಾಯಿತು. ಲಾಲಮ್ಮ ಎತ್ತಿದರೆ ನನಗೆ ಮಾತು ಬರುವುದಿಲ್ಲ. ಅದಕ್ಕೇ ಕಾಗದ.

ನಮ್ಮ ಓಣಿಯ ಹನ್ನೆರಡು ಗಿಡಗಳಿಗೆ ನಿಮ್ಮ ಮಗಳು ಲುಂಬಿನಿ ಒಂದು ಕಾಯಿದೆ ಮಾಡಿದ್ದಳು. ಯಾರೂ ತಮ್ಮ ಮನೆ ಮುಂದಿನ ಗಿಡಕ್ಕೆ ನೀರು ಹಾಕಬಾರದು, ಎದುರುಮನೆಯದಕ್ಕೆ ಹಾಕಬೇಕು. “ತಮ್ಮದಾದ್ರ ಎಲ್ಲಾರೂ ನಾಳಿ ಹಾಕಿದ್ರಾಯ್ತು ಅಂತಾರ್ರಿ ಚಾಚಿ. ಎದುರಿಗಿಂದು ಒಣಗಿದ್ರ ಮಂದಿ ಮುಖ ನೋಡ್ತಾರ,” ಎಂದಿದ್ದಳು. ಆಗ ಅವಳಿಗೆ ಹತ್ತೊಂಬತ್ತು. “ಏ ಹುಡುಗಿ, ನನ್ನ ಗಂಡ ಕೇಳಿದ್ರೇ ನಾ ಎದ್ದು ನೀರ್ ಕೊಡಂಗಿಲ್ಲ, ಗುರುಲಿಂಗಪ್ಪನ ಗಿಡಕ್ಕ ಕೊಡ್ಬೇಕಾ?” ಎಂದು ವಿಮಲಾಬಾಯಿ ಎಲ್ಲರನ್ನೂ ನಗಿಸಿದ್ದರು. ಮರುದಿನದಿಂದ ಕೊಟ್ಟರು.

ಹಾಗೆ ನಿಮ್ಮ ಮನೆ ಮುಂದಿನ ಹೊಂಗೆ, ಲುಂಬಿನಿ ತನ್ನ ಕೈಯಾರೆ ಹಚ್ಚಿದ ಮೊದಲ ಗಿಡ, ನನ್ನ ಪಾಲಿಗೆ ಬಂತು. ಮರುವರ್ಷದ ಆಗಸ್ಟಿನಲ್ಲಿ ಇನ್ನಷ್ಟು ಸಸಿ ತರಲು ಅವಳು ನನ್ನ ಮಗನ ಗಾಡಿಯ ಹಿಂದೆ ಕೂತು ಚಿತ್ತಾಪುರಕ್ಕೆ ಹೋದಳು. ತಿರುಗಿ ಬರುವಾಗ ಆದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಆಮೇಲೆ ನಮ್ಮ ಎರಡು ಮನೆಗಳ ಮಾತು ನಿಂತಿತು. ಸಂಜೆಯ ಎರಡು ಕೊಡ ನೀರು ಮಾತ್ರ ನಾನು ನಿಲ್ಲಿಸಲಿಲ್ಲ. ನೀವೂ ನನ್ನ ಮನೆ ಮುಂದಿನ ಗಿಡಕ್ಕೆ ಹಾಕುವುದು ಬಿಡಲಿಲ್ಲ. ನಾನು ಹೊರಗೆ ಬಂದಾಗ ನೀವು ಒಳಗೆ ಹೋಗುತ್ತಿದ್ದಿರಿ, ಅಷ್ಟೆ.

ನಮ್ಮ ಮನೆಗೆ ಈಗ ಉದಯಕುಮಾರ ಎಂಬವರು ಬಾಡಿಗೆಗೆ ಬಂದಿದ್ದಾರೆ. ವಾಡಿಯಲ್ಲಿ ರೈಲ್ವೆ ಕೆಲಸ. ನೀರಿನ ವಿಷಯ ಹೇಳಿದೆ, ತಲೆ ಆಡಿಸಿದರು. ಬರೀ ತಲೆ ಆಡಿಸುವವರನ್ನು ನಾನು ನಂಬುವುದಿಲ್ಲ. ಬೇಸಿಗೆ ಬರುತ್ತಿದೆ. ಈ ಒಂದು ವರ್ಷ ಕಾಯಿದೆ ಮುರಿದು ನೀವೇ ಹಾಕಿ. ಬುಡಕ್ಕೆ ತಾಗಿಸಿ ಹೊಯ್ಯಬೇಡಿ, ಒಂದು ಮೊಳ ಬಿಟ್ಟು ಹೊಯ್ಯಿರಿ.

ಇಷ್ಟನ್ನೇ ಕೇಳಲು ಬರೆದೆ.
ಸರ್ವರಬೇಗಂ


ಶಹಾಬಾದ
2 ಫೆಬ್ರುವರಿ 2024

ಸರ್ವರಬೇಗಂ ಅವರಿಗೆ,

ಕಾಗದ ಮುಟ್ಟಿತು.

ಉತ್ತರ ಬರೆಯುವ ಮನಸ್ಸಿರಲಿಲ್ಲ. ಲಾಲಮ್ಮ ದಿನಾ ಕಿವಿಯ ಹತ್ತಿರ ಬಂದು ಬೈದಳು: “ಆ ಬಾಯಿ ಎರಡೂವರಿ ವರ್ಷ ನೀರ್ ಹಾಕ್ಯಾಳ. ನಿನಗ ಒಂದ್ ಕಾಗದ ಬರೀಲಿಕ್ಕ ಕೈ ಬಿದ್ದಾವೇನು?” ಅದಕ್ಕೆ ಬರೆಯುತ್ತಿದ್ದೇನೆ.

ಗಿಡಕ್ಕೆ ನೀರು ಹಾಕುತ್ತಿದ್ದೇನೆ. ನಿಮ್ಮ ಮನೆ ಮುಂದಿನದಕ್ಕೂ. ಹೊಂಗೆ ಈಗ ಹದಿಮೂರು ಅಡಿ ಇದೆ. ಟೇಪು ಹಿಡಿದು ನೋಡಿದ್ದೇನೆ.

ನಿಮ್ಮ ಮಗನ ವಿಷಯ ಬರೆಯದಿದ್ದರೆ ಒಳ್ಳೆಯದು.

ಭಗವಂತ


ಚಿಂಚೋಳಿ
20 ಫೆಬ್ರುವರಿ 2024

ಭಗವಂತಣ್ಣನವರಿಗೆ,

ಹದಿಮೂರು ಅಡಿ ಎಂದು ಓದಿ ಸಂತೋಷವಾಯಿತು. ನಾನು ಕಣ್ಣಳತೆಯಲ್ಲಿ ಹತ್ತು ಎಂದುಕೊಂಡಿದ್ದೆ.

ಒಂದು ಮಾತು ಮರೆಯಬೇಡಿ. ನಮ್ಮೂರಿನಲ್ಲಿ ಒಂದು ಅಡಿ ಮಣ್ಣು ತೆಗೆದರೆ ಕೆಳಗೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಬಂಡೆ. ಲುಂಬಿನಿಯ ಗಿಡಕ್ಕೆಂದು ನೀವು ಮೂರು ಪದರ ಕಲ್ಲು ಎಬ್ಬಿಸಿದಿರಿ. ಹಾರೆಯ ಇನ್ನೊಂದು ತುದಿಯನ್ನು ಹಿಡಿದವರು ಯಾರೆಂದು, ನೀವು ಹೇಳಿದ ಹಾಗೆ, ಬರೆಯುವುದಿಲ್ಲ. ಆ ಗುಂಡಿಯಲ್ಲಿರುವಷ್ಟೇ ಮಣ್ಣು ಅದರದು. ಮೇಲಿನಿಂದ ನಾವು ಕೊಟ್ಟದ್ದಷ್ಟೇ ನೀರು.

ಇಲ್ಲಿ ಊರ ಹೊರಗೆ ಕಾಡು ಹತ್ತಿರ. ಯಾರೂ ನೀರು ಹಾಕದ ಗಿಡಗಳು ಎಷ್ಟೊಂದು! ನೋಡಿದಾಗ ಒಮ್ಮೊಮ್ಮೆ ಸಿಟ್ಟು ಬರುತ್ತದೆ.

ಲಾಲಮ್ಮನಿಗೆ ನನ್ನ ಸಲಾಮು ಹೇಳಿ. ಹೇಳದಿದ್ದರೂ ನಡೆಯುತ್ತದೆ.
ಸರ್ವರಬೇಗಂ


ಶಹಾಬಾದ
28 ಮಾರ್ಚ್ 2024

ಸರ್ವರಬೇಗಂ ಅವರಿಗೆ,

ಲಾಲಮ್ಮನಿಗೆ ಹೇಳಿದೆ. ಅವಳೂ ಸಲಾಮು ತಿಳಿಸಿದ್ದಾಳೆ.

ನಾನು ಗಿಡಕ್ಕೆ ಕಟ್ಟೆ ಕಟ್ಟುತ್ತಿದ್ದೇನೆ. ಏಪ್ರಿಲ್ ಹದಿನಾಲ್ಕಕ್ಕೆ, ಬಾಬಾಸಾಹೇಬರ ಜಯಂತಿಗೆ, ಓಣಿಯವರೆಲ್ಲ ಸೇರುತ್ತಾರೆ. ಅಷ್ಟರಲ್ಲಿ ಮುಗಿಯಬೇಕು. ಕೆಲಸದಿಂದ ಬಂದವನು ಮುಖ ತೊಳೆಯದೆ ಇದಕ್ಕೇ ಕೂಡುತ್ತೇನೆ.

ಅಳತೆ ಬರೆಯುತ್ತೇನೆ, ನಿಮಗೆ ಕಣ್ಣಿಗೆ ಕಟ್ಟಲಿ. ಐದು ಅಡಿ ಚೌಕ, ಮೂರು ಅಡಿ ಎತ್ತರ. ನಾಲ್ಕು ಕಡೆಗೂ ಬೂದು ಬಣ್ಣದ ಕಲ್ಲು, ಒಂದೇ ಗಣಿಯದು, ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಒಳಗೆ ಅಂಚಿನವರೆಗೆ ಕರಿಮಣ್ಣು ತುಂಬಿ, ನೀರು ಹೊಯ್ದು, ಕುಟ್ಟಿ ಗಟ್ಟಿ ಮಾಡಿದ್ದೇನೆ. ಅದರ ಮೇಲೆ ಹಾಸುಗಲ್ಲು. ಗಿಡದ ಕಾಂಡ ಹಾಯುವಲ್ಲಿ ದುಂಡಗೆ ಕೊರೆದು ಕೂಡಿಸುತ್ತೇನೆ. ಬೆರಳು ತೂರುವುದಿಲ್ಲ. ಸಂದಿಗೆಲ್ಲ ಸಿಮೆಂಟು. ಒಂದು ಇರುವೆ ಒಳಗೆ ಹೋದರೆ ನನ್ನ ಹೆಸರು ಭಗವಂತನಲ್ಲ. ಮುಂದಿನ ಕಲ್ಲಿನಲ್ಲಿ ಅವಳ ಹೆಸರು ನಾನೇ ಕೆತ್ತಿದೆ.

ಇನ್ನು ಮೇಲೆ ಕೊಡ ಹೊರುವ ಕೆಲಸ ಇಲ್ಲ. ಇಷ್ಟು ಎತ್ತರ ಬೆಳೆದ ಗಿಡ, ಬೇರು ಎಲ್ಲೋ ನೀರು ಮುಟ್ಟಿರುತ್ತದೆ.

ಇಷ್ಟು ದಿನ ನಾನು ಅವಳಿಗೆ ಏನೂ ಮಾಡಲಿಲ್ಲ. ನನಗೆ ಬರುವುದು ಕಲ್ಲಿನ ಕೆಲಸ ಒಂದೇ.

ಭಗವಂತ


ಚಿಂಚೋಳಿ
6 ಏಪ್ರಿಲ್ 2024

ಭಗವಂತಣ್ಣನವರಿಗೆ,

ಈ ಕಾಗದ ಮೂರು ಸಲ ಬರೆದೆ.

ನಿಮ್ಮ ಕೈಕೆಲಸದ ಬಗ್ಗೆ ಮಾತಾಡಲು ನಾನು ಯಾರು? ಅಳತೆ ಓದಿದರೇ ತಿಳಿಯುತ್ತದೆ, ಚೆನ್ನಾಗಿಯೇ ಆಗಿರುತ್ತದೆ. ಅವಳ ಹೆಸರು ಕೆತ್ತಿದ್ದು ಒಳ್ಳೆಯದಾಯಿತು.

ಸಾಧ್ಯವಾದರೆ ನೀರು ಹಾಕುವುದನ್ನು ಬಿಡಬೇಡಿ.
ಸರ್ವರಬೇಗಂ


ಶಹಾಬಾದ
17 ಏಪ್ರಿಲ್ 2024

ಸರ್ವರಬೇಗಂ ಅವರಿಗೆ,

ಹದಿನಾಲ್ಕರ ದಿನ ಕಟ್ಟೆಗೆ ಹೂ ಹಾಕಿದೆವು. ಓಣಿಯವರೆಲ್ಲ ಬಂದಿದ್ದರು. ನನಗೆ ಅರ್ಧ ಕೇಳಿಸಿತು, ಉಳಿದರ್ಧ ಲಾಲಮ್ಮ ಕಿವಿಯಲ್ಲಿ ಹೇಳಿದಳು.

ಮೊದಲು ವಿಮಲಾಬಾಯಿ ಕೂತು ನೋಡಿದರು. ಕೂತವರೇ ಎದ್ದರು. “ಭಗವಂತಣ್ಣ, ಎಷ್ಟ್ ನುಣ್ಣಗ ತಿಕ್ಕೀರಿ ಇದನ್ನ! ಕುಂತ್ರ ಜಾರಿ ಸೇಡಂ ಮುಟ್ತೀನಿ ನಾ.”

“ನೀ ಜಾರಿದ್ರ ಚಿಂತಿಲ್ಲವಾ, ಕಟ್ಟಿ ಒಡದೀತು ಜ್ವಾಕಿ,” ಎಂದರು ಗುರುಲಿಂಗಪ್ಪ.

“ನಿಮ್ಮ ಗಿಡಕ್ಕ ನಾಳಿಂದ ನೀರ್ ಬಂದ್ ನೋಡ್ರಿ!”

ಎಲ್ಲರೂ ನಕ್ಕರು. ಲಾಲಮ್ಮ ನಕ್ಕದ್ದನ್ನು ನಾನು ಬಹಳ ದಿನಗಳ ಮೇಲೆ ನೋಡಿದೆ. ಆಮೇಲೆ ಕೊನೆಮನೆಯ ಹಮೀದಾಬೇಗಂ ಏನೋ ಅಂದರು, ಎಲ್ಲರೂ ನಿಮ್ಮ ಮನೆಯ ಕಡೆ ನೋಡಿದರು. ಅದನ್ನು ಲಾಲಮ್ಮ ನನ್ನ ಕಿವಿಗೆ ಹೇಳಲಿಲ್ಲ. ತುಟಿ ನೋಡಿ ನನಗೇ ತಿಳಿಯಿತು: “ಸರ್ವರ ಇರ್ಬೇಕಿತ್ತು ಇವತ್ತ.”

ಅಂದದ್ದನ್ನು ಬರೆದಿದ್ದೇನೆ.

ಭಗವಂತ


ಶಹಾಬಾದ
9 ಜೂನ್ 2024

ಸರ್ವರಕ್ಕನವರಿಗೆ,

ಗಿಡಕ್ಕೆ ಏನೋ ಆಗಿದೆ.

ಮೇ ತಿಂಗಳಲ್ಲಿ ತುದಿಯ ಎಲೆ ಹಳದಿಯಾದವು. ಬಿಸಿಲಿಗೆ ಎಂದುಕೊಂಡೆ. ಈಗ ಉದುರುತ್ತಿವೆ. ಓಣಿಯ ಉಳಿದ ಹನ್ನೊಂದೂ ಹಸಿರಾಗಿವೆ, ನಿಮ್ಮ ಮನೆ ಮುಂದಿನದು ಮನೆಯ ಛಾವಣಿ ದಾಟಿದೆ. ಇದೊಂದೇ ಹೀಗೆ. ನೀರು ಹೊಯ್ದು ನೋಡಿದೆ. ನೀರು ಹಾಸುಗಲ್ಲಿನ ಮೇಲೆ ನಿಂತು, ಅಂಚಿನಿಂದ ಇಳಿದು ರಸ್ತೆಗೆ ಹೋಯಿತು. ಒಳಗೆ ಒಂದು ಹನಿ ಹೋಗಲಿಲ್ಲ. ನಾನೇ ಕೂಡಿಸಿದ ಸಂದಿ.

ಲಾಲಮ್ಮ ದಿನಾ ಬೆಳಿಗ್ಗೆ ಉದುರಿದ ಎಲೆ ಗುಡಿಸುವುದಿಲ್ಲ, ಒಂದೊಂದೇ ಆರಿಸುತ್ತಾಳೆ. ನಿನ್ನೆ ನನಗೆ ಅಂದಳು: “ಆಕಿನ್ನ ಕೇಳು. ಇದರ ಮೈ ಆಕಿಗಷ್ಟೇ ಗೊತ್ತದ.”

ನಿಮಗೆ ಗೊತ್ತಿದ್ದರೆ ಹೇಳಿ. ಬೇಗ.

ಭಗವಂತ


ಚಿಂಚೋಳಿ
15 ಜೂನ್ 2024

ಭಗವಂತಣ್ಣನವರಿಗೆ,

ಇದನ್ನು ಓದಿದ ಕೂಡಲೇ ಕಟ್ಟೆ ಒಡೆಯಿರಿ. ಹಾಸುಗಲ್ಲು ತೆಗೆಯಿರಿ, ತುಂಬಿದ ಮಣ್ಣನ್ನೆಲ್ಲ ಹಳೆಯ ನೆಲದವರೆಗೆ ತೆಗೆಯಿರಿ, ಆಮೇಲೆ ನೀರು ಹಾಕಿ. ಮುಂದಿನದನ್ನು ಒಡೆದ ಮೇಲೆ ಓದಿ.

ನೀವು ಬೇಡವೆಂದ ಹೆಸರನ್ನು ಬರೆಯಲೇಬೇಕು. ಶಾಹನವಾಜ ಇಲ್ಲಿ ಒಂದು ಸಸಿ ತೋಟದಲ್ಲಿ ಚೀಲಕ್ಕೆ ಮಣ್ಣು ತುಂಬುವ ಕೆಲಸ ಮಾಡುತ್ತಾನೆ. ಬಲಗಾಲಿನ ಮುರಿದ ಎಲುಬಿಗೆ ಸರಳು ಹಾಕಿರುವುದರಿಂದ ಕೂತು ಮಾಡುವ ಕೆಲಸ. ಕಟ್ಟೆಯ ಅಳತೆ ಬರೆದ ನಿಮ್ಮ ಕಾಗದವನ್ನು ಅವನಿಗೆ ಓದಿದ್ದೆ. ಗಿಡದ ಕಾಂಡವನ್ನು ಮೂರು ಅಡಿ ಮಣ್ಣಿನಲ್ಲಿ ಮುಚ್ಚಿದರೆ ತೊಗಟೆ ಕೊಳೆಯುತ್ತದೆ, ಮೇಲೆ ಕಲ್ಲು ಹಾಕಿದರೆ ಬೇರಿಗೆ ಗಾಳಿ ಇಲ್ಲ, ನೀರಿಲ್ಲ, ಒಂದು ಬೇಸಿಗೆ ತಾಳುವುದಿಲ್ಲ ಎಂದ. ಈಗಲೇ ಬರಿ ಎಂದು ಪಕ್ಕದಲ್ಲೇ ಕೂತ. ನಾನು ಬರೆದೆ. ಆ ಕಾಗದ ಇದರ ಜೊತೆಗಿದೆ. ತಾರೀಖು ನೋಡಿ, 4 ಏಪ್ರಿಲ್. ಅಂಚೆ ಡಬ್ಬಿಯವರೆಗೆ ಹೋಗಿ ತಿರುಗಿ ಬಂದೆ. “ಹಾಕಿದೇನ್ ಅಮ್ಮಿ?” ಎಂದು ಕೇಳಿದಾಗ ಹೂಂ ಎಂದೆ.

ಯಾಕೆ ಹಾಕಲಿಲ್ಲ ಎಂದರೆ, ನಿಮ್ಮ ಮಗಳ ಹೆಸರಿರುವ ಕಲ್ಲನ್ನು ಒಡೆಯಿರಿ ಎಂದು ಹೇಳುವ ಬಾಯಿ ನನ್ನದಾಗಬಾರದು ಎನಿಸಿತು. ಬೇರೆ ಯಾರಾದರೂ ಹೇಳುತ್ತಾರೆ ಎಂದುಕೊಂಡೆ. ಹೊಗಳಿ ಇನ್ನೊಂದು ಬರೆದು ಹಾಕಿದೆ.

ಒಡೆಯಿರಿ, ಅಣ್ಣ. ಮಳೆ ಬರುತ್ತಿದೆ, ಇನ್ನೂ ಚಿಗುರಬಹುದು.
ಸರ್ವರ


ಶಹಾಬಾದ
21 ಜುಲೈ 2024

ಸರ್ವರಕ್ಕನವರಿಗೆ,

ಕಾಗದ ಬಂದ ದಿನವೇ ಒಡೆದೆ. ಕೆಲಸಕ್ಕೆ ಹೋಗಲಿಲ್ಲ. ಸುತ್ತಿಗೆ ಎತ್ತಿದಾಗ ಗುರುಲಿಂಗಪ್ಪ ಓಡಿ ಬಂದು ಕೈ ಹಿಡಿದರು. “ಹುಚ್ಚ ಹಿಡದದೇನೋ ನಿನಗ? ಮಗಳ ಹೆಸರದನೋ ಅದ್ರಾಗ!” ಲಾಲಮ್ಮ ಅವರ ಕೈ ಬಿಡಿಸಿದಳು. “ಹೊಡೀಲಿ ಬಿಡ್ರಿ,” ಎಂದಳು.

ಕಟ್ಟಲು ಹದಿನೆಂಟು ದಿನ ಬೇಕಾಗಿತ್ತು. ಒಡೆಯಲು ಮಧ್ಯಾಹ್ನದವರೆಗೆ ಸಾಕಾಯಿತು.

ಮಣ್ಣು ತೆಗೆದಾಗ ಕಾಂಡದ ತೊಗಟೆ ಕೈಗೆ ಬಂತು, ಬೆಂದ ಗೆಣಸಿನ ಸಿಪ್ಪೆಯ ಹಾಗೆ. ಕೆಳಗಿನ ಹಳೆಯ ಗುಂಡಿಯ ಮಣ್ಣು ಹಿಟ್ಟಿನಂತೆ ಒಣಗಿತ್ತು. ನಾನು ತುಂಬಿದ ಮಣ್ಣಿನೊಳಗೆ ಬಿಳಿ ಬೇರುಗಳು ಮೇಲ್ಮುಖವಾಗಿ ಬಂದಿದ್ದವು. ಹಾಸುಗಲ್ಲಿಗೆ ತಾಗಿ ಅಲ್ಲೇ ಚಪ್ಪಟೆಯಾಗಿ ಹರಡಿದ್ದವು. ದಿನಾ ಎರಡು ಹೊತ್ತು ನೀರು ಹಾಕಿದೆ. ಮಳೆಯೂ ಚೆನ್ನಾಗಿ ಆಯಿತು. ಚಿಗುರಲಿಲ್ಲ. ಮೊನ್ನೆ ಕಡಿದೆ. ಯಾರನ್ನೂ ಕರೆಯಲಿಲ್ಲ.

ನಿಮ್ಮ ಹಳೆಯ ಕಾಗದ ಓದಿದೆ. ಅದನ್ನು ಏಪ್ರಿಲಿನಲ್ಲೇ ಹಾಕಿದ್ದರೆ ಗಿಡ ಉಳಿಯುತ್ತಿತ್ತು ಎಂದು ನೀವು ಮರುಗುತ್ತಿರಬಹುದು. ಉಳಿಯುತ್ತಿರಲಿಲ್ಲ. ಅವನು ಹೇಳಿದ ಎಂದರೆ ನಾನು ಇನ್ನೊಂದು ಗೂಡೆ ಸಿಮೆಂಟು ಹೆಚ್ಚಿಗೆ ಹಾಕುತ್ತಿದ್ದೆ. ಅದು ಆಗಿನ ನಾನು. ಆದ್ದರಿಂದ ಆ ಪಾಪ ನಿಮ್ಮದಲ್ಲ.

ಈಗ ಬರೆಯುವುದನ್ನು ಲಾಲಮ್ಮನಿಗೂ ಹೇಳಿಲ್ಲ.

ನಾನು ಕೆಲಸ ಮಾಡುವ ಪಾಲಿಶ್ ಘಟಕದ ಹಿಂದೆ ಒಂದು ಹೊಂಡವಿದೆ. ಕಲ್ಲು ತಿಕ್ಕಿದ ಬಿಳಿ ರಾಡಿ ಅದರಲ್ಲಿ ನಿಲ್ಲುತ್ತದೆ. ತುಂಬಿದಾಗ ಟ್ಯಾಂಕರು ಕರೆಸಿ ಎತ್ತಿಸಬೇಕು. ಟ್ಯಾಂಕರು ಬರುವುದು ತಡವಾದರೆ ನಾವು ಒಡ್ಡು ಕಡಿದು ರಸ್ತೆಯ ಕಡೆಗೆ ಬಿಡುತ್ತೇವೆ. ಸಾಲಿನ ಎಲ್ಲ ಘಟಕದವರೂ ಬಿಡುತ್ತಾರೆ, ಬಿಸಿಲಿಗೆ ಒಣಗಿ ಸುಣ್ಣದ ಪುಡಿಯಾಗಿ ಹೋಗುತ್ತದೆ. ಹಸಿ ಇದ್ದಾಗ ಎಣ್ಣೆಯಂತೆ ಜಾರುತ್ತದೆ. 2021ರ ಆಗಸ್ಟ್ ಹತ್ತೊಂಬತ್ತರ ಬೆಳಿಗ್ಗೆ ಒಡ್ಡು ಕಡಿದವನು ನಾನು. ಕಡಿದು, ಗುದ್ದಲಿ ತೊಳೆದಿಟ್ಟು, ಒಳಗೆ ಮಷೀನಿಗೆ ನಿಂತೆ. ಅವರ ಗಾಡಿ ಜಾರಿದ್ದು ನಮ್ಮ ಗೇಟಿನ ಮುಂದೆ. ನನ್ನಿಂದ ಇಪ್ಪತ್ತು ಹೆಜ್ಜೆ. ಹಿಂದಿನ ಲಾರಿಯ ಹಾರ್ನು ಊರಿಗೆಲ್ಲ ಕೇಳಿತಂತೆ. ನನಗೆ ಕೇಳಲಿಲ್ಲ. ಯಾರೋ ಬಂದು ಭುಜ ಅಲುಗಾಡಿಸಿದರು.

ಓಡಿ ಹೋದಾಗ ಅವಳ ಉಸಿರು ನಿಂತಿತ್ತು. ಚಪ್ಪಲಿಗೆ, ಸಸಿಯ ಚೀಲಗಳಿಗೆಲ್ಲ ಆ ಬಿಳಿ ರಾಡಿ ಮೆತ್ತಿತ್ತು. ನೋಡಿದ ಕೂಡಲೇ ನನಗೆ ತಿಳಿಯಿತು. ಪೊಲೀಸರು ಬರೆದುಕೊಳ್ಳುವಾಗ ನಿಮ್ಮ ಮಗ “ನಾನೇ ಜೋರ್ ಹೊಡದೆ” ಎಂದ. ಅಲ್ಲೇ ನಿಂತಿದ್ದೆ, ಆ ಮಾತು ಮಾತ್ರ ಕೇಳಿಸಿತು. ನಾನು ಸುಮ್ಮನಿದ್ದೆ. ಮೂರು ವರ್ಷ ಅವನ ಮುಖ ನೋಡದೆ ಇದ್ದದ್ದು ಸಿಟ್ಟಿನಿಂದಲ್ಲ. ಸಿಟ್ಟೆಂದು ಎಲ್ಲರೂ ತಿಳಿದುಕೊಂಡರು, ನನಗೆ ಅನುಕೂಲವಾಯಿತು.

ಇದನ್ನು ಅವನಿಗೆ ಓದಿ ಹೇಳಿ. ಅವನು ಠಾಣೆಗೆ ಕರೆದರೆ ಬರುತ್ತೇನೆ, ಬರೆದುಕೊಡು ಎಂದರೆ ಬರೆದುಕೊಡುತ್ತೇನೆ.

ಇನ್ನೊಂದು ಕೇಳುತ್ತೇನೆ. ಆ ದಿನ ದಾರಿಯಲ್ಲಿ ಅವಳು ಏನಾದರೂ ಮಾತಾಡಿದ್ದಳೇ? ಕೇಳುವ ಮುಖ ನನಗಿರಲಿಲ್ಲ, ಈಗಲೂ ಇಲ್ಲ. ಏನೇ ಇದ್ದರೂ ಬರೆಯಿರಿ.

ಭಗವಂತ


ಚಿಂಚೋಳಿ
9 ಆಗಸ್ಟ್ 2024

ಭಗವಂತಣ್ಣನವರಿಗೆ,

ನಿಮ್ಮ ಕಾಗದ ಮೊದಲು ನಾನೊಬ್ಬಳೇ ಓದಿದೆ. ನಿಮ್ಮ ಮೇಲೆ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ. ಮೂರು ವರ್ಷ ನನ್ನ ಮಗ ತಲೆ ಎತ್ತಿ ಓಣಿಯಲ್ಲಿ ನಡೆಯಲಿಲ್ಲ. ಅವನು ಜೋರಾಗಿ ಹೊಡೆಯುವವನಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಅವನೇ ಒಪ್ಪಿಕೊಂಡ ಮೇಲೆ ತಾಯಿ ಏನು ಹೇಳಬೇಕು?

ಹೋದ ಶುಕ್ರವಾರ ಅವನನ್ನು ಕೂಡಿಸಿಕೊಂಡು ಓದಿದೆ. ಹೊಂಡದ ಮಾತು ಬಂದಾಗ ಅವನು ಚಕಿತನಾಗುತ್ತಾನೆ ಎಂದುಕೊಂಡಿದ್ದೆ. ಆಗಲಿಲ್ಲ. ಕೈಯಲ್ಲಿದ್ದ ಮಣ್ಣು ಉಜ್ಜಿಕೊಳ್ಳುತ್ತಾ ಕೂತಿದ್ದ. ಮುಗಿದ ಮೇಲೆ ಅಂದ, “ಗೊತ್ತಿತ್ತ್ ಅಮ್ಮಿ.”

ಅವನು ಆಮೇಲೆ ಹೇಳಿದ್ದು ನಮ್ಮ ಮನೆಯ ಉರ್ದುವಿನಲ್ಲಿ. ನಾನು ಓಣಿಯ ಮಾತಿನಲ್ಲಿ ಬರೆಯುತ್ತೇನೆ, ಲುಂಬಿನಿ ಆಡಿದ್ದು ಇದೇ ಮಾತು.

“ಹೋಗೂ ಮುಂದನೇ ನೋಡಿದ್ವಿ. ಕಾಕಾ ಗುದ್ದಲಿ ಹಿಡಕೊಂಡು ಒಡ್ಡು ಕಡೀಲಿಕತ್ತಿದ್ರು, ನಮ್ಮನ್ನ ನೋಡಲಿಲ್ಲ. ‘ನೋಡೋ, ನಮ್ಮಪ್ಪ ರಾಡಿ ರೋಡಿಗಿ ಬಿಡ್ಲಿಕತ್ತಾನ. ಯಾರರ ಬಿದ್ದು ಸತ್ರ? ವಾಪಸ್ ಬರ್ತಾ ಗೇಟಿಗಿ ನಿಂದ್ರಸು. ಚಂದಾಗಿ ಬೈದು ಬರ್ತೀನಿ,’ ಅಂದ್ಳು. ನಗ್ಲಿಕತ್ತಿದ್ಳು. ಬರೂ ಮುಂದ ನಾ ಮರ್ತಿದ್ದೆ. ಆಕಿ ಮರ್ತಿರಲಿಲ್ಲ. ಗೇಟು ಬಂದ್ಮ್ಯಾಲ ಭುಜ ಬಡದ್ಳು. ನಾ ಬ್ರೇಕ್ ಹಿಡದೆ.”

ಜೋರಾಗಿ ಹೊಡೆದೆ ಎಂದು ಯಾಕೆ ಹೇಳಿದೆ ಎಂದು ಕೇಳಿದೆ.

“ಇಲ್ದಿದ್ರ ಅಲ್ಲಿ ಬ್ರೇಕ್ ಯಾಕ ಹಿಡದಿ ಅಂತ ಕೇಳ್ತಿದ್ರಲ್ಲ ಅಮ್ಮಿ. ಕಾಕಾ ಅಲ್ಲೇ ನಿಂತಿದ್ರು.”

ಅಷ್ಟು ಹೇಳಿ ಎದ್ದ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೂ ಹೇಳಿರಲಿಲ್ಲ. ಠಾಣೆ ಬೇಡ, ಏನೂ ಬರೆದುಕೊಡುವುದು ಬೇಡ ಎಂದ. ಬಾಗಿಲಲ್ಲಿ ನಿಂತು, “ಕಾಕಾಗ ಇದನ್ನ ಬರೀಬ್ಯಾಡ ಅಮ್ಮಿ, ತಡ್ಕೊಳ್ಳಂಗಿಲ್ಲ ಅವ್ರು,” ಎಂದ.

ಒಂದು ವಾರ ನಾನೂ ಹಾಗೆಯೇ ಅಂದುಕೊಂಡೆ. ನಿಮ್ಮನ್ನು ಕಾಯಲು ಅವನು ಮೂರು ವರ್ಷ ಬಾಯಿ ಮುಚ್ಚಿದ್ದ. ನಿಮ್ಮನ್ನು ನೋಯಿಸಬಾರದೆಂದು ನಾನು ಒಂದು ಕಾಗದ ಮುಚ್ಚಿಟ್ಟಿದ್ದೆ. ಆದರೆ ಏನೇ ಇದ್ದರೂ ಬರೆಯಿರಿ ಎಂದು ನೀವು ಕೇಳಿದ್ದೀರಿ. ಅವಳ ಮಾತು ನಿಮ್ಮದು, ನನ್ನ ಪೆಟ್ಟಿಗೆಯಲ್ಲಿ ಇರತಕ್ಕದ್ದಲ್ಲ.

ಹೊಸ ಸಸಿ ಕಳಿಸಲೇ ಎಂದು ಕೇಳುವವಳಿದ್ದೆ. ಕೇಳುವುದಿಲ್ಲ.

ಅಂಚೆ ಆಫೀಸು ಮುಚ್ಚುವ ಮೊದಲು ಇದನ್ನು ಹಾಕಿ ಬರುತ್ತೇನೆ. ಓದಿದ ಮೇಲೆ ನನಗೆ ಉತ್ತರ ಬರೆಯಲು ನಿಮ್ಮಿಂದ ಆಗಲಿಕ್ಕಿಲ್ಲ. ನಾನು ಕಾಯುವುದಿಲ್ಲ.

ಸರ್ವರ